ಬೆಳಕಿನ ಆಫೀಸಿನ ನಾರ್ಮಲ್ ಭೋಜ

ಭೋಜ ಕೂತದ್ದನ್ನು ಕಂಡವರು ಕಡಿಮೆ. ಕಡಲಬದಿಯ ತನ್ನೂರು ತ್ರಾಸಿಯಿಂದ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದರೂ ಅವನು ಹಿಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಹೋಗುವವನು. ಉಣ್ಣುತ್ತ ಉಣ್ಣುತ್ತ ಎದ್ದು ಹೋಗಿ, ಗೋಡೆಯಲ್ಲಿ ಓರೆಯಾದ ಕ್ಯಾಲೆಂಡರನ್ನು ಎಡಗೈಯಿಂದ ನೇರ ಮಾಡಿ ಬಂದು, ಮತ್ತೆ ಬಟ್ಟಲಿಗೆ ಕೈ ಹಾಕುವವನು. ಮದುವೆಯಾದ ಹೊಸತರಲ್ಲಿ ಹೆಂಡತಿ ವಿನಯಾ, ತನ್ನ ಅಡುಗೆ ಹಿಡಿಸಲಿಲ್ಲವೇನೋ ಎಂದು ಅಂಜಿದ್ದಳು. ಆಮೇಲೆ ಅವಳಿಗೂ ಮಾತು ಬಂತು.

“ಹ್ವಾಯ್, ನಿಮ್ಮಮ್ಮ ನಿಮ್ಮನ್ ಕಾಲಿಗೆ ಚಕ್ರ ಕಟ್ಟಿಯೇ ಹೆತ್ತದ್ದಾ?”

“ಚಕ್ರ ಇದ್ದಿದ್ರೆ ಬಸ್ಸಿಗೆ ಕಾಯುದ್ ತಪ್ತಿತ್ತ್” ಎನ್ನುವಷ್ಟರಲ್ಲಿ ಅವನು ಅಂಗಳಕ್ಕೆ ಇಳಿದಾಗಿರುತ್ತಿತ್ತು.

ಅವನು ತೀರಿಕೊಂಡು ವರ್ಷ ಕಳೆಯಿತು. ಕೊನೆಕೊನೆಗೆ ಅವನು ಕೂತಲ್ಲೇ ಇರುತ್ತಿದ್ದ. ನೋಡಲು ಹೋದವರಿಗೆ ಅವನ ಕಾಯಿಲೆಗಿಂತ ಆ ಕೂತದ್ದನ್ನು ನೋಡುವುದೇ ಕಷ್ಟವಾಗುತ್ತಿತ್ತು.

ಮೀನುಗಾರರ ಮನೆಯ ಹುಡುಗ. ದೋಣಿಯಲ್ಲಿ ಬಲೆ ಬಿಟ್ಟು ಕಾಯುತ್ತ ಕೂರುವುದು ಅವನಿಂದಾಗದು ಎಂದು ಅಪ್ಪನಿಗೆ ಬೇಗ ಗೊತ್ತಾಯಿತು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಕಳಿಸಿದರು. ಅಲ್ಲಿ ಸ್ವಲ್ಪ ದಿನ ಹೋಟೆಲಿನಲ್ಲಿ ಲೋಟ ತೊಳೆದ. ಆಮೇಲೆ ಕನ್ನಡಕದ ಗಾಜು ಉಜ್ಜುವ ಒಂದು ಕಾರ್ಖಾನೆ ಸೇರಿದ. ಇಡೀ ದಿನ ನಿಂತು ಮಾಡುವ ಕೆಲಸ. ಅವನಿಗೆ ಹೇಳಿ ಮಾಡಿಸಿದಂತಿತ್ತು. ಅಲ್ಲಿ ಎಲ್ಲರ ದವಡೆಯಲ್ಲೂ ಸುಣ್ಣ ತಿಕ್ಕಿದ ಹೊಗೆಸೊಪ್ಪು ಇರುತ್ತಿತ್ತು. ಅವನ ಎಡದವಡೆಯಲ್ಲೂ ಇತ್ತು. ಕಾರ್ಖಾನೆ ಮುಚ್ಚಿ ಅವನು ಊರಿಗೆ ಮರಳಿದ್ದು ೧೯೯೭ರಲ್ಲಿ.

ಮರುವರ್ಷ ಬ್ರಹ್ಮಾವರದಿಂದ ಒಳಗೆ, ಮುರಕಲ್ಲಿನ ಗುಡ್ಡದ ಕುರುಚಲು ಹಾಡಿಯ ಮೇಲೆ, ಒಂದು ವಿಶ್ವವಿದ್ಯಾಲಯದವರು ಬೆಳಕಿನ ವಿಜ್ಞಾನಕ್ಕೆಂದೇ ಸಂಶೋಧನಾ ಕೇಂದ್ರ ಕಟ್ಟಿದರು. ಗಾಜು ಮುಟ್ಟಿ ಗೊತ್ತಿರುವ ಸಹಾಯಕ ಬೇಕೆಂದು ಕೇಳಿ ಭೋಜ ಹೋದ. ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಪ್ರಫುಲ್ಲಾ, ಮೈಸೂರು ಕಡೆಯವರು. ಅವರು ಅವನ ಹೆಸರು ಕೇಳುವ ಮೊದಲು ಕೇಳಿದ್ದು ಬೇರೆ.

“ಬಾಯಲ್ಲಿ ಏನದು?”

ಭೋಜ ನುಂಗಲಾರದೆ ಉಗುಳಲಾರದೆ ನಿಂತ.

“ಹೊರಗೆ ಹೋಗಿ ಉಗಿದು ಬನ್ನಿ. ಇಲ್ಲಿ ಇರಬೇಕಾದರೆ ಅದು ಇರಬಾರದು.”

ಕೇಂದ್ರದ ಕೆಲಸವೇ ಅದಾಗಿತ್ತು. ಹೊಗೆಸೊಪ್ಪು ತಿಂದು ಬಾಯಲ್ಲಿ ಹುಟ್ಟುವ ಕ್ಯಾನ್ಸರನ್ನು, ಕಣ್ಣಿಗೆ ಕಾಣುವ ಮೊದಲೇ ಬೆಳಕಿನಿಂದ ಹಿಡಿಯಲು ಆಗುತ್ತದೆಯೇ ಎಂದು ಅವರು ನೋಡುತ್ತಿದ್ದರು. ಭೋಜ ಹೊರಗೆ ಬಂದು ಗೇರುಮರದ ಬುಡದಲ್ಲಿ ಉಗಿದ. ಮತ್ತೆ ಬಾಯಿಗೆ ಹಾಕಲಿಲ್ಲ. ಬಿಡುತ್ತೇನೆಂದು ಹೇಳಿ ಬಸ್ಸಿನಲ್ಲಿ ತಿಂದವರನ್ನು ಎಷ್ಟೋ ಕಂಡಿದ್ದೇವೆ. ಅವನು ನಿಜವಾಗಿ ಬಿಟ್ಟ. ಮೊದಲೇ ನಿಲ್ಲದ ಕೈಕಾಲು ಆಮೇಲೆ ಇನ್ನೂ ನಿಲ್ಲದಾಯಿತು. ಖಾಲಿಯಾದ ದವಡೆ ಅವನನ್ನು ಒಂದು ಕಡೆ ಇರಗೊಡುತ್ತಿರಲಿಲ್ಲ.

ಆ ಚಡಪಡಿಕೆಯೆಲ್ಲ ಲೇಸರ್ ಮೇಜಿನ ಮೇಲೆ ಕೆಲಸಕ್ಕೆ ಬಂತು. ಕತ್ತಲೆ ಕೋಣೆಯಲ್ಲಿ ಭಾರದ ಮೇಜು, ಅದರ ಮೇಲೆ ಸಾಲು ಕನ್ನಡಿ, ಮಸೂರ. ನೇರಳೆ ಬಣ್ಣದ ಲೇಸರ್ ಕಿರಣ ಕನ್ನಡಿಯಿಂದ ಕನ್ನಡಿಗೆ ಹಾರಿ, ಸಣ್ಣ ಗಾಜಿನ ನಳಿಗೆಯಲ್ಲಿಟ್ಟ ಮನುಷ್ಯರ ಎಂಜಲಿನ ಮೇಲೆ ಬೀಳುತ್ತಿತ್ತು. ಎಂಜಲು ತನ್ನದೇ ಒಂದು ನಸುಬೆಳಕನ್ನು ಹಿಂದಕ್ಕೆ ಕೊಡುತ್ತಿತ್ತು. ಅದು ಒಂದು ಫಿಲ್ಟರ್ ದಾಟಿ ಹೋಗಿ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ಆರೋಗ್ಯದ ಬಾಯಿಯಾದರೆ ಗೆರೆ ಒಮ್ಮೆ ಏರಿ, ನಿಧಾನಕ್ಕೆ ಇಳಿದು ಮಲಗುತ್ತಿತ್ತು. ಕಾಯಿಲೆಯ ಬಾಯಿಯಾದರೆ ಇಳಿದ ಮೇಲೆ, ಕೆಂಪು ಬಣ್ಣದ ತುದಿಯಲ್ಲಿ, ಇನ್ನೊಂದು ಸಣ್ಣ ದಿಬ್ಬ ಏಳುತ್ತಿತ್ತು. ಕೇಂದ್ರದಲ್ಲಿ ಎಲ್ಲರೂ ಅದನ್ನು ಕೆಂಪುದಿಬ್ಬ ಎನ್ನುತ್ತಿದ್ದರು. ಕನ್ನಡಿಗಳನ್ನು ಕೂದಲೆಳೆಯಷ್ಟು ತಿರುಗಿಸಿ ಕಿರಣವನ್ನು ಸರಿಗೆ ತರುವುದು ಭೋಜನ ಕೆಲಸ.

ಕೇಂದ್ರದವರು ಊರೂರಿಗೆ ಹೋಗಿ ಎಂಜಲು ಕೇಳಬೇಕಿತ್ತು. ಇಲ್ಲಿಯ ಜನ ರಕ್ತವನ್ನಾದರೂ ಕೊಟ್ಟಾರು, ಎಂಜಲನ್ನು ಪರರ ಕೈಗೆ ಕೊಡುವುದೆಂದರೆ ಹೆಂಗಸರಿಗೆ ನಾಚಿಕೆ, ಗಂಡಸರಿಗೆ ಹೇಸಿಗೆ. ಶಂಕರನಾರಾಯಣ ಎಂಬ ಊರಿನಲ್ಲಿ ನಡೆದ ಮೊದಲ ಶಿಬಿರದಲ್ಲಿ ಜನ ಬೆಂಚಿನಲ್ಲಿ ಸಾಲಾಗಿ ಕೂತು ಬಾಯಿ ಮುಚ್ಚಿಕೊಂಡೇ ಎದ್ದು ಹೋದರು. ಎರಡನೆಯ ಸಲ ಭೋಜ ಎಲ್ಲರ ಎದುರು ನಿಂತು, ಗಂಟಲು ಕೆರೆದು, ನಳಿಗೆಗೆ ಉಗುಳಿ ಎತ್ತಿ ತೋರಿಸಿದ.

“ಕಾಣಿ, ನಂದ್ ಆಯ್ತ್. ಜಾತಿ ಹೋಯಿಲ್ಲೆ, ಹಲ್ಲೂ ಉದುರಿಲ್ಲೆ. ಇನ್ ನಿಮ್ದ್.”

ಜನ ನಕ್ಕರು. ನಕ್ಕ ಬಾಯಿ ಉಗುಳಿತು. ಅಲ್ಲಿಂದ ಎಲ್ಲಿ ಹೋದರೂ ಮೊದಲ ಎಂಜಲು ಭೋಜನದೇ. ಕೇಂದ್ರದಲ್ಲೂ ಅದೇ ಪದ್ಧತಿಯಾಯಿತು. ದಿನಾ ಬೆಳಿಗ್ಗೆ ಮಿಷನ್ ಸರಿಯಿದೆಯೇ ಎಂದು ನೋಡಲು ಮೊದಲು ಅವನ ಎಂಜಲು ಇಡುತ್ತಿದ್ದರು. ಗೆರೆ ಏರಿ ಇಳಿದು ಮಲಗಿದರೆ ಆ ದಿನದ ಕೆಲಸ ಶುರು. ಪ್ರಫುಲ್ಲಾ ಮೇಡಂ ಅವನ ನಳಿಗೆಗೆ ‘ನಾರ್ಮಲ್’ ಎಂದು ಚೀಟಿ ಅಂಟಿಸಿದ್ದರು. ಚೀಟಿಯ ಹೆಸರು ಅವನಿಗೂ ಅಂಟಿತು.

ಆ ಹೆಸರನ್ನು ತ್ರಾಸಿಗೆ ತಂದವನು ಬಸ್ಸಿನ ಕಂಡಕ್ಟರ್ ಚಂದ್ರ, ಭೋಜನ ಶಾಲೆಯ ಜೊತೆಗಾರ.

“ಹ್ವಾಯ್ ನಾರ್ಮಲ್, ಒಳಗ್ ಬಾ ಮಾರಾಯ, ಕೂಕೋ. ಸೀಟ್ ನಿನ್ನನ್ ಕಚ್ಚುದಿಲ್ಲೆ.”

“ಕಚ್ಚುದಿಲ್ಲೆ ಅಂದೇಳಿ ನಿಂಗ್ ಹ್ಯಾಂಗ್ ಗೊತ್ತ್? ನೀನೂ ಕೂಕಂಡದ್ದ್ ನಾ ಕಾಣ್ಲಿಲ್ಲೆ.”

“ನಂಗ್ ನಿಂತದ್ದಕ್ಕೆ ಸಂಬಳ. ನಿಂಗ್ ಎಂತಕ್ಕ್? ಅಲ್ದಾ, ಬೆಳ್ಕಿನ್ ಆಫೀಸ್ ಅಂಬ್ರ್, ಒಳಗೆಲ್ಲ ಕಪ್ಪ್ ಕತ್ಲಿ ಅಂಬ್ರ್. ಕರೆಂಟ್ ಬಿಲ್ ಕಟ್ಲಿಲ್ಯಾ ನಿಮ್ಮ್ ಮೇಡಂ?”

“ಕತ್ಲಿಯೊಳ್ಗೇ ಬೆಳ್ಕ್ ಕಾಂಬುದ್” ಎನ್ನುವನು ಭೋಜ. ಹೇಳುವಾಗ ಅವನ ಮುಖದಲ್ಲಿ ಜಂಬ ಕಾಣುತ್ತಿತ್ತು. ಊರಿನಲ್ಲಿ ಅವನಷ್ಟು ವರ್ಷ ಹೊಗೆಸೊಪ್ಪು ತಿಂದು ಬಿಟ್ಟವರಿರಲಿಲ್ಲ. ಅವನಂತೆ ದಿನಾ ಬೆಳಿಗ್ಗೆ ತಾನು ಸರಿಯಿದ್ದೇನೆಂದು ಯಂತ್ರದಿಂದ ಹೇಳಿಸಿಕೊಂಡು ಕೆಲಸ ಶುರುಮಾಡುವವರೂ ಇರಲಿಲ್ಲ.

೨೦೦೯ರ ಮಳೆಗಾಲದಲ್ಲಿ ಮನೆಯ ಮೀನುಸಾರು ಅವನಿಗೆ ಖಾರವಾಗತೊಡಗಿತು.

“ಎಂತ ಹೆಣೆ, ಮೆಣ್ಸ್ ಪೂರಾ ಸುರಿದ್ಯಾ?”

“ದಿನಾ ಹಾಕುವಷ್ಟೇ ಹಾಕದ್ದ್.”

ಮರುದಿನ ವಿನಯಾ ಮೆಣಸು ಕಡಿಮೆ ಮಾಡಿದಳು. ಆಗಲೂ ಉರಿಯಿತು. ಇನ್ನೂ ಕಡಿಮೆ ಮಾಡಿದಳು. ಮಕ್ಕಳು ಇದು ಸಾರಾ ಗಂಜಿತಿಳಿಯಾ ಎಂದು ಗೊಣಗಿದರು. ಭೋಜ ಬಲದವಡೆಯಲ್ಲೇ ಅಗಿದು ಎದ್ದು ಹೋದ. ಅವನು ಊಟದ ನಡುವೆ ಏಳುವುದು ಹೊಸತೇನಲ್ಲವಾದ್ದರಿಂದ ವಿನಯಾಳಿಗೆ ಸಂಶಯ ಬರಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅವನ ಗೆರೆ ಏರಿ, ಇಳಿದು, ತುದಿಯಲ್ಲಿ ಮತ್ತೆ ಸ್ವಲ್ಪ ಎದ್ದಿತು.

ಭೋಜ ಮೊದಲು ನೋಡಿದ್ದು ಕೋಣೆಯನ್ನು. ಎಲ್ಲಿಂದಲೋ ಕೆಂಪು ಬೆಳಕು ನುಗ್ಗಿದೆ ಎಂದುಕೊಂಡ. ಯುಪಿಎಸ್ ಪೆಟ್ಟಿಗೆಯಲ್ಲಿ ಮಿನುಗುವ ಕೆಂಪು ದೀಪಕ್ಕೆ ಕಪ್ಪು ಟೇಪು ಹಚ್ಚಿದ. ಬಾಗಿಲ ಸಂದಿಗೆ ಬಟ್ಟೆ ತುರುಕಿದ. ಮರುದಿನ ದಿಬ್ಬ ಅಲ್ಲೇ ಇತ್ತು. ಹಾಗಾದರೆ ಬೂಷ್ಟು. ಕಡಲಗಾಳಿ ಮತ್ತು ಮಳೆಯ ತೇವಕ್ಕೆ ಈ ಕಡೆ ಗಾಜಿನ ಮೇಲೂ ಬೂಷ್ಟು ಬೆಳೆಯುತ್ತದೆ. ಪ್ರತಿ ಮಳೆಗಾಲದಲ್ಲೂ ಅವನು ಮಸೂರಗಳನ್ನು ಬಿಚ್ಚಿ ಒರೆಸುತ್ತಿದ್ದ. ಈ ಸಲವೂ ಒಂದೊಂದಾಗಿ ಬಿಚ್ಚಿ, ಸ್ಪಿರಿಟ್ ಹಚ್ಚಿ ಒರೆಸಿ ಕೂರಿಸಿದ. ಕನ್ನಡಿಗಳನ್ನು ಮೊದಲಿನಿಂದ ಹೊಂದಿಸಿದ. ಊಟಕ್ಕೆ ಹೋಗಲಿಲ್ಲ. ಯಾರಾದರೂ ಒಳಗೆ ಬಂದರೆ ಬೆನ್ನು ಅಡ್ಡ ಹಿಡಿದು ಪರದೆ ಮರೆಮಾಡಿದ. ದಿಬ್ಬ ದಿನಕ್ಕಿಷ್ಟು ಎತ್ತರವಾಯಿತು.

ಮಳೆಗಾಲದಲ್ಲಿ ಶಿಬಿರವಿಲ್ಲ, ಬೇರೆಯವರ ನಳಿಗೆಗಳೂ ಬರುತ್ತಿರಲಿಲ್ಲ. ಬೇರೆ ಯಾರದಾದರೂ ಎಂಜಲನ್ನು ಅಲ್ಲಿಟ್ಟಿದ್ದರೆ ಆ ಕ್ಷಣವೇ ಗೊತ್ತಾಗುತ್ತಿತ್ತು, ತಪ್ಪು ಯಂತ್ರದಲ್ಲೋ ಅವನ ಬಾಯಲ್ಲೋ ಎಂದು. ಅದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೂ ಕೈ ಮುಂದೆ ಹೋಗಲಿಲ್ಲವೋ, ಈಗ ಯಾರು ಹೇಳಬೇಕು? ಇಷ್ಟು ವರ್ಷ ಯಂತ್ರವನ್ನು ಅಳೆದದ್ದು ಅವನಿಂದ. ಅವನನ್ನು ಅಳೆಯುವವರು ಯಾರೂ ಇರಲಿಲ್ಲ.

ಕೊನೆಗೆ ಫಿಲ್ಟರ್ ಹಾಳಾಗಿದೆ ಎಂದು ತೀರ್ಮಾನಿಸಿದ. ಕಪಾಟಿನಲ್ಲಿ ಇನ್ನೊಂದಿತ್ತು, ಕೆಂಪನ್ನು ಹೆಚ್ಚು ತಡೆಯುವಂಥದ್ದು. ಅದನ್ನು ಹಾಕಿದ. ತನ್ನ ನಳಿಗೆ ಇಟ್ಟ. ಗೆರೆ ಏರಿ, ಇಳಿದು, ಮಲಗಿತು. ಅಂದು ಬಸ್ಸಿನಲ್ಲಿ ಅವನು ಚಂದ್ರನೊಡನೆ ತ್ರಾಸಿಯವರೆಗೂ ಮಾತಾಡಿದ. ಮನೆಯಲ್ಲಿ ಸಪ್ಪೆ ಸಾರನ್ನು ಲಾಯ್ಕಿತ್ತ್ ಎಂದು ಹೊಗಳಿ ಉಂಡ.

ಮಳೆ ಬಿಟ್ಟ ಮೇಲೆ ತ್ರಾಸಿಯಲ್ಲೇ ಶಿಬಿರ ನಡೆಯಿತು. ಭೋಜ ಮನೆಮನೆಗೆ ಹೋಗಿ ಜನ ಕರೆದ. ನೆರೆಮನೆಯ ಜಲಜಕ್ಕನನ್ನು ಅವನೇ ಕೈಹಿಡಿದು ಎಬ್ಬಿಸಿ ಕರೆತಂದ. ಅವಳು ಹೆಮ್ಮಾಡಿಯಲ್ಲಿ ರಸ್ತೆಯ ಬದಿ ಬುಟ್ಟಿ ಇಟ್ಟು ಮೀನು ಮಾರುವವಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಎಲೆಯಡಿಕೆ ಹೊಗೆಸೊಪ್ಪು ಅವಳ ಬಾಯಿಂದ ಇಳಿದದ್ದಿಲ್ಲ.

“ನನ್ ಎಂಜಲ್ ತಕಂಡ್ ಹೋಯಿ ಎಂತ ಮಾಡ್ತಿ ಭೋಜ? ಕಟ್ಕಂಡ ಗಂಡನೇ ನಾ ಕುಡ್ದ ಲೋಟ ಮುಟ್ತಿರ್ಲಿಲ್ಲೆ.”

“ಅದ್ಕೆ ಬೆಳ್ಕ್ ಹಾಕಿ ಕಾಂಬುದ್, ಜಲಜಕ್ಕ.”

“ಬೆಳ್ಕ್ ಹಾಕುದಾರೆ ಮುಖಕ್ ಹಾಕ್ ಮಾರಾಯ. ಎಂಜ್ಲಿಗ್ ಹಾಕಿರೆ ನನ್ನನ್ ಯಾರ್ ಮದ್ವಿ ಆತ್ರ್?”

ಸಾಲಿನಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಭೋಜ ಎಂದಿನಂತೆ ಮೊದಲು ಉಗುಳಿದ, ಜಲಜಕ್ಕ ಆಮೇಲೆ. ಜೊತೆಗೆ ಬಂದಿದ್ದ ಹಲ್ಲಿನ ಡಾಕ್ಟರು ಬ್ಯಾಟರಿ ಟಾರ್ಚು ಬಿಟ್ಟು ಅವಳ ಬಾಯೊಳಗೆ ನೋಡಿ, ನಾಲಗೆಯ ಅಂಚಿನ ಹುಣ್ಣು ತನಗೆ ಸರಿಕಾಣುವುದಿಲ್ಲ, ಆಸ್ಪತ್ರೆಗೆ ಬಂದು ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು ಎಂದರು. ಬೆಳಕಿನ ಪರೀಕ್ಷೆ ಇನ್ನೂ ಸಂಶೋಧನೆಯ ಹಂತದಲ್ಲಿತ್ತು. ಅದರಲ್ಲಿ ಏನು ಬಂತೆಂದು ಯಾರಿಗೂ ಹೇಳಬಾರದು, ಡಾಕ್ಟರ ಮಾತೇ ಕೊನೆ ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಆದರೆ ಜಲಜಕ್ಕ ಹೆದರಿ ಎರಡು ದಿನದಿಂದ ಉಂಡಿಲ್ಲ ಎಂದು ವಿನಯಾ ಹೇಳಿದಳು. ಭೋಜ ಅವಳ ನಳಿಗೆಯ ಗೆರೆಯನ್ನು ತಾನೇ ನೋಡಿದ್ದ. ಏರಿ, ಇಳಿದು, ಮಲಗಿತ್ತು. ಬಸ್ಸಿಗೆ ನಿಂತಿದ್ದಾಗ ಹೇಳಿಬಿಟ್ಟ.

“ಎಂತ ಇಲ್ಲೆ ಜಲಜಕ್ಕ. ನಾನೇ ಕಂಡಿದೆ. ನಂದ್ ಹ್ಯಾಂಗಿತ್ತೋ, ನಿಂದೂ ಹಾಂಗೇ ಇತ್ತ್.”

ಅಂದೇ ಅವಳು ಬುಟ್ಟಿ ಹೊತ್ತು ಹೆಮ್ಮಾಡಿಗೆ ಹೋದಳು. ಆಸ್ಪತ್ರೆಗೆ ಹೋಗಲಿಲ್ಲ.

ಕೆಲವು ವಾರ ಕಳೆದು ಪ್ರಫುಲ್ಲಾ ಮೇಡಂ ಲೇಸರ್ ಕೋಣೆಗೆ ಬಂದರು. ಹಲ್ಲಿನ ಡಾಕ್ಟರು ಸಂಶಯಪಟ್ಟವರ ಗೆರೆಗಳನ್ನೆಲ್ಲ ಪರದೆಯ ಮೇಲೆ ಒಂದರ ಮೇಲೊಂದು ಹಾಕಿದರು. ಎಲ್ಲವೂ ಮಲಗಿದ್ದವು.

“ಇವರಲ್ಲಿ ಇಬ್ಬರಿಗೆ ಆಗಲೇ ಕ್ಯಾನ್ಸರ್ ಖಚಿತವಾಗಿದೆ ಭೋಜ ಅವರೇ. ನಮ್ಮ ಬೆಳಕಿಗೆ ಅದು ಕಾಣಿಸಲೇ ಇಲ್ಲ. ಇಷ್ಟು ವರ್ಷ ಕಂಡದ್ದು ಈಗ ಯಾಕೆ ಕಾಣುತ್ತಿಲ್ಲ? ಕಾರಣ ಗೊತ್ತಾಗುವವರೆಗೆ ಶಿಬಿರ ನಿಲ್ಲಿಸೋಣ. ಹಾಂ, ನಿಮ್ಮ ನೆರೆಮನೆಯವರು, ಜಲಜ, ಅವರು ಯಾಕೆ ಆಸ್ಪತ್ರೆಗೆ ಬರಲಿಲ್ಲ?”

ಭೋಜ ಮೇಜಿನ ಆಚೆ ಬದಿಗೆ ಹೋದ. ಈಚೆ ಬಂದ. ಒಂದು ತಿರುಪನ್ನು ಬಿಗಿ ಮಾಡಿ, ಅದನ್ನೇ ಸಡಿಲಿಸಿದ. ತಾನು ಹಾಕಿದ ಫಿಲ್ಟರೇ ಎಲ್ಲರ ಕೆಂಪುದಿಬ್ಬವನ್ನೂ ಅಡಗಿಸಿದೆ ಎಂದು ಆ ಹೊತ್ತಿನಲ್ಲಿ ಅವನಿಗೆ ತಿಳಿದಿತ್ತು. ಯಂತ್ರ ತಪ್ಪೆಂದಾದರೆ ಅವನು ಉಳಿದ. ಸುಮ್ಮನಿದ್ದರೆ ಸಾಕು, ಕಡಲಗಾಳಿಯ ಮೇಲೆ, ಬೂಷ್ಟಿನ ಮೇಲೆ ಹೊರಿಸಿದರೆ ಸಾಕು. ತಾನು ಎಂದಿನಂತೆ ನಾರ್ಮಲ್. ಜಲಜಕ್ಕನೂ ನಾರ್ಮಲ್, ಹೆಮ್ಮಾಡಿಯ ರಸ್ತೆಬದಿಯಲ್ಲಿ, ಆ ಹುಣ್ಣು ಬೆಳೆಯುವಷ್ಟು ದಿನ.

ಅವನು ಕಪಾಟು ತೆರೆದು ಹಳೆಯ ಫಿಲ್ಟರ್ ತೆಗೆದ. ಒರೆಸಿ ಮೊದಲಿದ್ದ ಜಾಗಕ್ಕೆ ಕೂರಿಸಿದ. ತಿರುಪು ಒಮ್ಮೆ ನೆಲಕ್ಕೆ ಬಿತ್ತು. ಮೇಡಂ ಬಗ್ಗಿ ಹೆಕ್ಕಿ ಕೊಟ್ಟರು.

“ಮೇಡಂ, ನಿಮ್ಮ್ ಎಂಜಲ್ ಒಂಚೂರ್ ಬೇಕಿತ್ತ್.”

ಎಲ್ಲರಿಂದ ಕೇಳಿದವನು ಅವರಿಂದ ಎಂದೂ ಕೇಳಿರಲಿಲ್ಲ. ಅವರು ಆಚೆ ತಿರುಗಿ ನಳಿಗೆಗೆ ಉಗುಳಿ ಕೊಟ್ಟರು. ಗೆರೆ ಏರಿ, ಇಳಿದು, ಮಲಗಿತು. ಆಮೇಲೆ ಭೋಜ ತನ್ನದನ್ನು ಇಟ್ಟ. ಗೆರೆ ಏರಿ ಇಳಿಯಿತು. ಕೆಂಪಿನ ತುದಿಯಲ್ಲಿ ದಿಬ್ಬ ಎದ್ದು ನಿಂತಿತು. ಮಳೆಗಾಲದಲ್ಲಿ ಕಂಡದ್ದರ ಎರಡರಷ್ಟಿತ್ತು.

“ಮಿಷನ್ ಸರಿ ಇತ್ತ್ ಮೇಡಂ. ಫಿಲ್ಟರ್ ಬದಲ್ ಮಾಡದ್ದ್ ನಾನ್. ನಂಗೇ ಎಂತದೋ ಆಯ್ತ್.”

ಪ್ರಫುಲ್ಲಾ ಮೇಡಂ ಬೈಯಲಿಲ್ಲ. “ಬಾಯಿ ತೆರೆಯಿರಿ” ಎಂದರು. ಊರೂರಲ್ಲಿ ಜನರ ಬಾಯಿ ತೆರೆಸಿದವನು ಅಂಗೈ ಅಡ್ಡ ಹಿಡಿದು ನಿಂತ. ಅವರು ಅವನ ಕೈಯನ್ನು ತಾವೇ ಹಿಡಿದು ಕೆಳಗಿಳಿಸಬೇಕಾಯಿತು.

ಆಸ್ಪತ್ರೆಗೆ ಈಗಲೇ ಹೋಗೋಣ, ಕಾರು ತರಿಸುತ್ತೇನೆ ಎಂದರೆ ಅವನು ಕೇಳಲಿಲ್ಲ. “ಮೊದ್ಲ್ ಹೆಮ್ಮಾಡಿಗ್ ಹೋಯ್ಕ್” ಎಂದವನು ಹೊರಟೇಬಿಟ್ಟ.

ಜಲಜಕ್ಕನ ಬುಟ್ಟಿಯಲ್ಲಿ ಬಂಗಡೆ ಅರ್ಧದಷ್ಟು ಉಳಿದಿತ್ತು.

“ಏಳ್ ಜಲಜಕ್ಕ. ಆಸ್ಪತ್ರಿಗ್ ಹೋಪ.”

“ಎಂತಕ್ಕ್? ನೀನೇ ಎಂತ ಇಲ್ಲೆ ಅಂದಿದ್ದೆ.”

“ನಾ ಹೇಳದ್ದ್ ತಪ್ಪ್. ನಂದ್ ಹ್ಯಾಂಗಿತ್ತೋ ನಿಂದೂ ಹಾಂಗೇ ಅಂದಿದ್ದೆ ಅಲ್ದಾ? ನಂದೇ ಸರಿ ಇಲ್ಲೆ.”

ಜಲಜಕ್ಕ ಅವನ ಮುಖವನ್ನೇ ನೋಡಿದಳು. ಬಾಯಲ್ಲಿದ್ದುದನ್ನು ಚರಂಡಿಗೆ ಉಗಿದಳು. “ಮೀನ್ ಎಂತ ಮಾಡುದ್ ಮಾರಾಯ?” ಎಂದಳು.

ಬುಟ್ಟಿಯನ್ನೂ ಎತ್ತಿಕೊಂಡೇ ಇಬ್ಬರೂ ಬಸ್ಸು ಹತ್ತಿದರು. ಅದು ಚಂದ್ರನ ಬಸ್ಸು. ಮೀನಿನ ಬುಟ್ಟಿಯನ್ನು ಅವನು ಒಳಗೆ ಬಿಡುವವನಲ್ಲ.

“ಹ್ವಾಯ್, ಎಂತದಿದ್? ಬಂಗ್ಡಿಗೂ ಸೀಟ್ ಬೇಕಾ?”

ಭೋಜ ಜಲಜಕ್ಕನನ್ನು ಕಿಟಕಿಯ ಬದಿಗೆ ಕೂರಿಸಿದ. ಬುಟ್ಟಿಯನ್ನು ಕಾಲಿನ ನಡುವೆ ಇಟ್ಟುಕೊಂಡು ಪಕ್ಕದಲ್ಲಿ ತಾನೂ ಕೂತ.

ಚಂದ್ರ ಇನ್ನೊಂದು ತಮಾಷೆಗೆ ಬಾಯಿ ತೆರೆದವನು ಭೋಜ ಕೂತದ್ದನ್ನು ಕಂಡ. ಮುಂದಕ್ಕೆ ಹೋಗಿ ಡ್ರೈವರನ ಹಿಂದೆ ನಿಂತುಬಿಟ್ಟ. ಕುಂದಾಪುರ ಬಂದರೂ ಆ ಸೀಟಿನ ಹತ್ತಿರ ಟಿಕೆಟ್ ಕೇಳಲು ಬರಲಿಲ್ಲ.

ಜಲಜಕ್ಕನದೂ ಕ್ಯಾನ್ಸರೇ, ಆದರೆ ಬೇಗ ಸಿಕ್ಕಿತು. ನಾಲಗೆಯ ಅಂಚಿನಲ್ಲಿ ಒಂದಿಷ್ಟು ಕತ್ತರಿಸಿದರು. ಮಾತು ಸ್ವಲ್ಪ ತೊದಲಾಯಿತು, ಕಡಿಮೆಯಾಗಲಿಲ್ಲ. ಭೋಜನದು ಎಲುಬಿನವರೆಗೆ ಇಳಿದಿತ್ತು. ಎಡದವಡೆ ತೆಗೆದರೂ ಕಾಯಿಲೆ ಪೂರ್ತಿ ಹೋಗಲಿಲ್ಲ. ಗಾಯ ಮಾಗಿದ ಮೇಲೆ ಅವನು ಕುತ್ತಿಗೆಗೆ ಮಫ್ಲರ್ ಸುತ್ತಿ ಕೇಂದ್ರಕ್ಕೆ ಹೋಗುತ್ತಿದ್ದ. ಬೆಳಗಿನ ಪದ್ಧತಿ ಅಷ್ಟರಲ್ಲಿ ಬದಲಾಗಿತ್ತು. ಒಬ್ಬರ ಎಂಜಲನ್ನು ನಂಬುವುದು ಬಿಟ್ಟು ಮೇಡಂ, ಆಫೀಸಿನವರು, ಕಾವಲುಗಾರ, ಎಲ್ಲರದನ್ನೂ ಇಡುತ್ತಿದ್ದರು. ಭೋಜ ತನ್ನದನ್ನೂ ಇಡಬೇಕೆಂದು ಸನ್ನೆ ಮಾಡಿ ಹಟ ಹಿಡಿದ. ದಿಬ್ಬ ಯಂತ್ರಕ್ಕೆ ಕಾಣುತ್ತದೆಯೇ ಎಂದು ನೋಡಲೂ ಒಬ್ಬ ಬೇಕಲ್ಲ. ನಳಿಗೆಯ ಮೇಲೆ ಮೇಡಂ ಬರಿ ‘ಭೋಜ’ ಎಂದು ಬರೆದರು.

ಮಾತು ಪೂರ್ತಿ ಹೋದ ಮೇಲೆ ಮನೆಯಲ್ಲಿ ಅವನ ಕೈಗೆ ಒಂದು ಬ್ಯಾಟರಿ ಕೊಟ್ಟಿದ್ದರು. ಏನಾದರೂ ಬೇಕಾದರೆ ಅವನು ಅದರ ಬೆಳಕನ್ನು ಅಡುಗೆಮನೆಯ ಗೋಡೆಗೆ ಬಿಡುತ್ತಿದ್ದ. ಬೆಳಕು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗೋಡೆಯಿಂದ ಹೆಂಚಿನ ಮಾಡಿಗೆ, ಮಾಡಿನಿಂದ ಕ್ಯಾಲೆಂಡರಿಗೆ ಓಡಾಡುತ್ತಿತ್ತು. “ಬಂದೆ ಮಾರಾಯ್ರೆ, ಬಂದೆ” ಎನ್ನುತ್ತ ವಿನಯಾ ಮೊದಲು ಕ್ಯಾಲೆಂಡರನ್ನು ನೇರ ಮಾಡಿ ಆಮೇಲೆ ಅವನ ಹತ್ತಿರ ಹೋಗುತ್ತಿದ್ದಳು. ೨೦೧೨ರ ಮಳೆಗಾಲ ಶುರುವಾಗುವ ಮೊದಲು ಅವನು ಹೋದ.

ಜಲಜಕ್ಕ ಈಗಲೂ ಆಗಾಗ ಬ್ರಹ್ಮಾವರದ ಬಸ್ಸು ಹತ್ತಿ ಬೆಳಕಿನ ಆಫೀಸಿಗೆ ಹೋಗುತ್ತಾಳೆ. ಈಚೆಗೆ ಹೋದಾಗ ಪ್ರಫುಲ್ಲಾ ಮೇಡಂ ತಮ್ಮ ಕಟ್ಟಪ್ಪಣೆಯನ್ನು ತಾವೇ ಮೀರಿ ಅವಳನ್ನು ಪರದೆಯ ಮುಂದೆ ಕರೆದು ತೋರಿಸಿದರು. ಗೆರೆ ಏರಿ, ಇಳಿದು, ಮಲಗಿತ್ತು.

“ಏನೂ ಇಲ್ಲ ಜಲಜಮ್ಮ. ಆರಾಮಾಗಿ ಮನೆಗೆ ಹೋಗಿ.”

ಜಲಜಕ್ಕ ಕುರ್ಚಿಯಿಂದ ಏಳಲಿಲ್ಲ.

“ಹಾಂಗೇ ಭೋಜನೂ ಹೇಳಿದ್ದ ಅಮ್ಮ” ಎಂದಳು. ಬಾಯಿ ದೊಡ್ಡದಾಗಿ ತೆರೆದು, ಮತ್ತೆ ಮುಚ್ಚಿ, “ಒಂದ್ ಸಲ ಬ್ಯಾಟ್ರಿ ಬಿಟ್ ಕಾಣಿ” ಎಂದು ಪುನಃ ತೆರೆದಳು.

ಮೇಡಂ ಮೇಜಿನ ಡ್ರಾಯರ್ ಎಳೆದು ಬ್ಯಾಟರಿ ಹುಡುಕತೊಡಗಿದರು.